ಮಗಳ ಕತ್ತು ಕಪ್ಪಾಗಿದೆ, ಗದ್ದದಲ್ಲಿ ಕೂದಲು: ತೋರಿಸುವುದು ಚರ್ಮದ ಡಾಕ್ಟರಿಗಾ, ಹೆಂಗಸರ ಡಾಕ್ಟರಿಗಾ?

ಅಂತರಗಂಗೆ ಅಮ್ಮ (ಕೋಲಾರ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 19 ವರ್ಷ. ಬಿ.ಕಾಂ ಓದುತ್ತಿದ್ದಾಳೆ. ಪಿಯುಸಿಯಲ್ಲಿದ್ದಾಗಿನಿಂದ ಕತ್ತಿನ ಹಿಂದೆ ಕಪ್ಪಾಗುತ್ತಾ ಬಂತು. ಈಗ ಕಂಕುಳಲ್ಲೂ ಹಾಗೇ ಇದೆ. ಮುಟ್ಟಿದರೆ ಅಲ್ಲಿನ ಚರ್ಮ ದಪ್ಪ ಅನಿಸುತ್ತದೆ, ಸಣ್ಣ ಸಣ್ಣ ಗೆರೆಗಳೂ ಇವೆ. ಗದ್ದದ ಕೆಳಗೆ ಗಟ್ಟಿ ಕೂದಲು ಬರುತ್ತಿದೆ. ದವಡೆ ಉದ್ದಕ್ಕೂ ಮೊಡವೆ, ಮುಟ್ಟಿದರೆ ನೋವು. ಮುಟ್ಟಾಗುವುದು ಎರಡು ತಿಂಗಳಿಗೊಮ್ಮೆ, ಕೆಲವು ಸಲ ಮೂರು ತಿಂಗಳಿಗೊಮ್ಮೆ.

ಮೊನ್ನೆ ಒಂದು ನಾಮಕರಣದಲ್ಲಿ ನೆಂಟರೊಬ್ಬರು ಎಲ್ಲರ ಮುಂದೆ "ಕತ್ತು ಉಜ್ಜಿ ಸ್ನಾನ ಮಾಡಮ್ಮ" ಅಂದುಬಿಟ್ಟರು. ಅವತ್ತಿನಿಂದ ಅವಳು ಜಡೆ ಹಾಕುತ್ತಿಲ್ಲ, ಕೂದಲು ಬಿಟ್ಟುಕೊಂಡೇ ಓಡಾಡುತ್ತಾಳೆ. ಬಚ್ಚಲಲ್ಲಿ ಕಲ್ಲು ತೆಗೆದುಕೊಂಡು ರಕ್ತ ಬರುವ ಹಾಗೆ ಉಜ್ಜಿಕೊಳ್ಳುತ್ತಾಳೆ. ನನಗೆ ನೋಡಲಾಗುತ್ತಿಲ್ಲ. ಇದನ್ನು ಯಾವ ಡಾಕ್ಟರಿಗೆ ತೋರಿಸಬೇಕು? ಯಾವ ಟೆಸ್ಟ್ ಮಾಡಿಸಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಮಾಲೂರು ಮಲ್ಲಿಗೆ

ಅಕ್ಕಾ, ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಹಚ್ಚಿ ನೋಡಿ. ನಮ್ಮ ಕಡೆ ಎಲ್ಲರೂ ಅದನ್ನೇ ಮಾಡುತ್ತಾರೆ. ಕಡ್ಲೆಹಿಟ್ಟು, ಮೊಸರು, ಅರಿಶಿನ ಕೂಡ ಒಳ್ಳೆಯದು.

ಬಂಗಾರಪೇಟೆ ಸಿಸ್ಟರ್

ಮಲ್ಲಿಗೆಯವರೇ, ಬೇಜಾರು ಮಾಡಿಕೊಳ್ಳಬೇಡಿ. ನಿಂಬೆ, ಸೋಡಾ ಬೇಡವೇ ಬೇಡ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನೂ ಕಪ್ಪಾಗಬಹುದು. ಕಡ್ಲೆಹಿಟ್ಟಿನಿಂದ ತೊಂದರೆಯಿಲ್ಲ, ಆದರೆ ಈ ಕಪ್ಪು ಅದಕ್ಕೆ ಹೋಗುವಂಥದ್ದಲ್ಲ.

ಅಮ್ಮ, ನಾನು ಚರ್ಮದ ವಿಭಾಗದ ಓಪಿಡಿಯಲ್ಲಿ ನರ್ಸಾಗಿ ಬಹಳ ವರ್ಷ ಇದ್ದವಳು. ಮೊದಲು ಮಗಳಿಗೆ ಇದೊಂದು ಹೇಳಿ: ಅದು ಕೊಳೆ ಅಲ್ಲ. ಕಲ್ಲನ್ನು ಇವತ್ತೇ ಬಿಡಲಿ. ಉಜ್ಜಿದಷ್ಟೂ ಚರ್ಮ ದಪ್ಪಗಾಗುತ್ತದೆ, ಕಪ್ಪು ಹೆಚ್ಚುತ್ತದೆ.

ಡಾಕ್ಟರುಗಳು ಇದಕ್ಕೆ ಅಕಾಂಥೋಸಿಸ್ ನೈಗ್ರಿಕನ್ಸ್ ಅನ್ನುತ್ತಾರೆ. ಬಹುತೇಕ ಸಲ ಇದರ ಬೇರು ಇನ್ಸುಲಿನ್‌ನಲ್ಲಿ ಇರುತ್ತದೆ. ತಿಂದ ಊಟದ ಸಕ್ಕರೆ ರಕ್ತದಿಂದ ಮೈಯೊಳಗೆ ಸೇರಬೇಕಾದರೆ ಇನ್ಸುಲಿನ್ ಬೇಕು. ಕೆಲವರ ಮೈ ಆ ಇನ್ಸುಲಿನ್‌ಗೆ ಸರಿಯಾಗಿ ಬಗ್ಗುವುದಿಲ್ಲ. ನಮ್ಮ ಕಡೆ ಡ್ರಿಪ್ ಪೈಪಿನಲ್ಲಿ ಉಪ್ಪು ಕಟ್ಟಿಕೊಂಡರೆ ಅದೇ ಟೊಮೆಟೊ ಸಾಲಿಗೆ ಅಷ್ಟೇ ನೀರು ಹಾಯಿಸಲು ಮೋಟಾರು ಜಾಸ್ತಿ ಹೊತ್ತು ಓಡಬೇಕಲ್ವಾ? ಹಾಗೆ ಮೇದೋಜೀರಕ ಗ್ರಂಥಿ ಜಾಸ್ತಿ ಇನ್ಸುಲಿನ್ ಬಿಡುತ್ತಾ ಹೋಗುತ್ತದೆ. ಹಾಗಾಗಿ ಶುಗರ್ ವರ್ಷಗಟ್ಟಲೆ ನಾರ್ಮಲ್ ಅಂತಲೇ ಬರಬಹುದು. ಆದರೆ ಆ ಹೆಚ್ಚುವರಿ ಇನ್ಸುಲಿನ್ ಸುಮ್ನೆ ಇರುವುದಿಲ್ಲ. ಕತ್ತು, ಕಂಕುಳು, ತೊಡೆ ಸಂದು, ಬೆರಳ ಗೆಣ್ಣುಗಳಲ್ಲಿ ಚರ್ಮದ ಕಣಗಳನ್ನು ಬೇಗ ಬೇಗ ಬೆಳೆಸುತ್ತದೆ. ಕತ್ತಿನ ಸುತ್ತ ಸಣ್ಣ ಜೋಲು ಗಂಟುಗಳು ಬರುವುದೂ ಇದರಿಂದಲೇ ಇರಬಹುದು.

ಅದೇ ಇನ್ಸುಲಿನ್ ಅಂಡಾಶಯವನ್ನೂ ಕೆಣಕುತ್ತದೆ. ಅಲ್ಲಿ ಗಂಡು ಹಾರ್ಮೋನು ಜಾಸ್ತಿ ತಯಾರಾಗುತ್ತದೆ. ಇದು ಎಲ್ಲ ಹೆಂಗಸರಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಹೆಚ್ಚಾದಾಗ ಗದ್ದ, ಮೇಲ್ದುಟಿಯಲ್ಲಿ ಗಟ್ಟಿ ಕೂದಲು ಬರುತ್ತದೆ. ಚರ್ಮದ ಎಣ್ಣೆ ಹೆಚ್ಚಿ ದವಡೆ ಸಾಲಿನಲ್ಲಿ ಮೊಡವೆ ಏಳುತ್ತದೆ. ತಲೆಯಲ್ಲಿ ಬೈತಲೆ ಅಗಲವಾಗುತ್ತದೆ. ಅಂಡ ಬಲಿತು ಹೊರಬರುವುದು ತಪ್ಪಿ, ಮುಟ್ಟೂ ತಪ್ಪುತ್ತದೆ. ನೀವು ಬರೆದ ಕತ್ತು, ಕೂದಲು, ಮೊಡವೆ, ಮುಟ್ಟು ಎಲ್ಲ ಒಂದೇ ಕಡೆಯಿಂದ ಹೊರಟಿರುವ ಸಾಧ್ಯತೆ ಹೆಚ್ಚು. ಜನ ಇದನ್ನು ಪಿಸಿಓಡಿ, ನೀರುಗುಳ್ಳೆ ಅನ್ನುತ್ತಾರೆ, ಡಾಕ್ಟರು ಪಿಸಿಓಎಸ್ ಅಂತ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ, ಹೆರುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಜನರಿಗೆ ಇದು ಇದೆ. ಅವರಲ್ಲಿ ಶೇ. 70ರಷ್ಟು ಜನರಿಗೆ ತಮಗಿದೆ ಅಂತ ಗೊತ್ತೇ ಇಲ್ಲ. ನಿಮ್ಮ ಮಗಳು ಒಂಟಿಯಲ್ಲ.

ಚರ್ಮದವರಾ, ಹೆಂಗಸರ ಡಾಕ್ಟರಾ ಅಂದರೆ, ಯಾರು ಮೊದಲು ಸಿಗುತ್ತಾರೋ ಅವರಿಂದ ಶುರು ಮಾಡಿ. ಆದರೆ ಎಲ್ಲ ತೊಂದರೆಯನ್ನೂ ಒಬ್ಬರಿಗೇ ಹೇಳಿ. ನಮ್ಮ ಹುಡುಗಿಯರು ಚರ್ಮದ ಡಾಕ್ಟರ ಹತ್ತಿರ ಮುಟ್ಟಿನ ವಿಷಯ ಹೇಳುವುದಿಲ್ಲ, ಹೆಂಗಸರ ಡಾಕ್ಟರ ಹತ್ತಿರ ಕತ್ತು ತೋರಿಸುವುದಿಲ್ಲ. ಎರಡು ಕಡೆಯೂ ಅರ್ಧ ಅರ್ಧ ಚಿಕಿತ್ಸೆ ಆಗುತ್ತದೆ. ಕಳೆದ ಒಂದು ವರ್ಷದ ಮುಟ್ಟಿನ ತಾರೀಖುಗಳನ್ನು ಬರೆದುಕೊಂಡು ಹೋಗಿ.

ಸಾಮಾನ್ಯವಾಗಿ ಬರೆಯುವ ಟೆಸ್ಟುಗಳು: ಖಾಲಿ ಹೊಟ್ಟೆ ಶುಗರ್, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಶುಗರ್, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಥೈರಾಯ್ಡ್‌ಗೆ ಟಿಎಸ್‌ಎಚ್, ಎದೆಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್, ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್, ಕೊಲೆಸ್ಟರಾಲ್. ಜೊತೆಗೆ ಬಿಪಿ ಮತ್ತು ಸೊಂಟದ ಸುತ್ತಳತೆ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಜಾಸ್ತಿ ಅಂತ ಲೆಕ್ಕ. ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಬ್ಬಿಣದ ಅಂಶ ಕಡಿಮೆಯಿದ್ದು ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ಬರಬಹುದು.

ನರಸಾಪುರ ಶಿಫ್ಟ್

ಸಿಸ್ಟರ್, ನಾನು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ದಪ್ಪಗಿಲ್ಲ, ತೆಳ್ಳಗೇ ಇದ್ದೇನೆ. ಕತ್ತೂ ಕಪ್ಪಾಗಿಲ್ಲ. ಆದರೂ ಗದ್ದದಲ್ಲಿ ಕೂದಲು, ಮುಟ್ಟಿಗೆ ಮುಂಚೆ ಮೊಡವೆ ಜಾಸ್ತಿ. "ಪಿಸಿಓಡಿ ದಪ್ಪ ಇರುವವರಿಗೆ ಮಾತ್ರ" ಅಂತ ಜೊತೆಯವರು ಹೇಳುತ್ತಾರೆ. ನೈಟ್ ಶಿಫ್ಟ್‌ನಿಂದ ಹೀಗಾಗುತ್ತಾ?

ಬಂಗಾರಪೇಟೆ ಸಿಸ್ಟರ್

ತೆಳ್ಳಗಿರುವವರಿಗೂ ಬರುತ್ತದೆ ತಂಗಿ. ತೂಕ ನೋಡಿ "ನಿನಗೇನಿಲ್ಲ ಹೋಗು" ಅನ್ನುವುದರಿಂದಲೇ ಎಷ್ಟೋ ಹುಡುಗಿಯರಿಗೆ ತಡವಾಗಿ ಗೊತ್ತಾಗುತ್ತದೆ. ನೈಟ್ ಶಿಫ್ಟ್ ಒಂದರಿಂದಲೇ ಗದ್ದದ ಕೂದಲು ಬರುವುದಿಲ್ಲ. ನಿದ್ದೆ ಕೆಟ್ಟರೆ ಇನ್ಸುಲಿನ್ ಕೆಲಸವೂ ಕೆಡುತ್ತದೆ, ಅದು ನಿಜ. ಟೆಸ್ಟ್ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. ಕೂದಲು ಕಿತ್ತರೆ, ಥ್ರೆಡ್ಡಿಂಗ್ ಮಾಡಿಸಿದರೆ, ಬ್ಲೇಡ್ ಹಾಕಿದರೆ ಕೂದಲು ದಪ್ಪಗೆ ಬರುತ್ತದೆ ಅನ್ನುವುದು ಸುಳ್ಳು. ಕಿತ್ತಾಗ ಕೆಲವರಿಗೆ ಗುಳ್ಳೆ ಏಳುತ್ತದೆ, ಕಲೆ ಉಳಿಯುತ್ತದೆ, ಅಷ್ಟೇ. ಡಾಕ್ಟರಿಗೆ ತೋರಿಸುವ ಮುಂಚೆ ಮಾತ್ರ ಸ್ವಲ್ಪ ದಿನ ತೆಗೆಯದೆ ಬಿಡಿ. ಮೇಲ್ದುಟಿ, ಗದ್ದ, ಎದೆ, ಹೊಟ್ಟೆ, ಬೆನ್ನು, ತೋಳು, ತೊಡೆ ಹೀಗೆ ಒಂಬತ್ತು ಜಾಗ ನೋಡಿ ಅವರು ಅಂಕ ಹಾಕುತ್ತಾರೆ. ಎಲ್ಲ ತೆಗೆದುಬಿಟ್ಟಿದ್ದರೆ ಅವರಿಗೆ ಏನು ಕಾಣಬೇಕು?

ಚಿಂತಾಮಣಿ ಟೀಚರ್

ಎಲ್ಲದಕ್ಕೂ ಪಿಸಿಓಡಿ ಅಂದುಕೊಳ್ಳಬೇಡಿ ಅಂತ ಹೇಳಲು ಬರೆಯುತ್ತಿದ್ದೇನೆ. ನನಗೆ ಮೈಯೆಲ್ಲ ಒಣಗಿ ಹೊಟ್ಟು ಏಳುತ್ತಿತ್ತು. ಹಿಮ್ಮಡಿ ಸೀಳು. ತಲೆಕೂದಲು ಉದುರುವುದು ಬೇರೆ. ಹುಬ್ಬಿನ ಹೊರಗಿನ ತುದಿ ತೆಳ್ಳಗಾಗಿತ್ತು, ಪಾರ್ಲರ್ ಹುಡುಗಿ "ಮೇಡಂ, ಇಲ್ಲಿ ಕೂದಲೇ ಇಲ್ಲ" ಅಂದಳು. ಮುಟ್ಟು ಜಾಸ್ತಿ ಹೋಗುತ್ತಿತ್ತು. ಚಳಿ ತಡೆಯುತ್ತಿರಲಿಲ್ಲ, ಕ್ಲಾಸಿನಲ್ಲಿ ನಿಂತರೆ ಸುಸ್ತು. ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿತ್ತು.

ಥೈರಾಯ್ಡ್ ಕಡಿಮೆ ಕೆಲಸ ಮಾಡಿದರೆ ಟಿಎಸ್‌ಎಚ್ ಏರುತ್ತದೆ. ನನಗೆ ಮಾತ್ರೆ ಶುರುವಾದ ಮೇಲೂ ಅದು ಇಳಿಯಲಿಲ್ಲ. ಆಮೇಲೆ ಡಾಕ್ಟರು ವಿಚಾರಿಸಿದಾಗ ಕಾರಣ ಸಿಕ್ಕಿತು. ನಾನು ಮಾತ್ರೆ ನುಂಗಿ ತಕ್ಷಣ ಕಾಫಿ ಕುಡಿಯುತ್ತಿದ್ದೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಂಡು, ತಿಂಡಿ ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಬೇಕು.

ಬಂಗಾರಪೇಟೆ ಸಿಸ್ಟರ್

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೂದಲಿಗೆ, ಉಗುರಿಗೆ ಅಂತ ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ ಬಯೋಟಿನ್ ಇರುತ್ತದೆ. ಅದು ಥೈರಾಯ್ಡ್ ರಕ್ತಪರೀಕ್ಷೆಯನ್ನೇ ದಾರಿ ತಪ್ಪಿಸಬಹುದು. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಟೆಸ್ಟಿಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಿ, ಡಾಕ್ಟರಿಗೂ ಹೇಳಿ.

ಮುಳಬಾಗಿಲು ಮಗಳು

ಇದು ಇದೇ ವಿಷಯಕ್ಕೆ ಸೇರುತ್ತದೋ ಇಲ್ಲವೋ. ಎರಡನೇ ಬಸುರಿಯಲ್ಲಿ ಎರಡೂ ಕೆನ್ನೆ ಮೇಲೆ ಬಂಗು ಬಂತು. ಹೆರಿಗೆ ಆದರೆ ಹೋಗುತ್ತದೆ ಅಂದರು, ಹೋಗಲಿಲ್ಲ. ಮೆಡಿಕಲ್ ಸ್ಟೋರಿನವರು ಒಂದು ಕ್ರೀಮ್ ಕೊಟ್ಟರು. ಮೊದಮೊದಲು ಮುಖ ಬೆಳ್ಳಗೆ ಹೊಳೆಯಿತು. ಎಲ್ಲರೂ ಏನು ಹಚ್ಚುತ್ತೀಯ ಅಂತ ಕೇಳುವವರೇ. ಆಮೇಲೆ ಬಿಸಿಲಿಗೆ ಹೋದರೆ ಉರಿ. ಒಲೆ ಮುಂದೆ ನಿಂತರೂ ಉರಿ. ಬಿಟ್ಟರೆ ಮುಖ ಕೆಂಪಗಾಗಿ ಗುಳ್ಳೆ ಏಳುತ್ತದೆ, ಹಚ್ಚಿದರೆ ಸುಮ್ಮನಾಗುತ್ತದೆ. ಕೆನ್ನೆ ಮೇಲೆ ಸಣ್ಣ ಕೂದಲೂ ಬಂದಿದೆ. ಇದೂ ಹಾರ್ಮೋನಾ?

ಬಂಗಾರಪೇಟೆ ಸಿಸ್ಟರ್

ಬಂಗು ಹಾರ್ಮೋನಿನದು. ಉರಿ, ಕೆಂಪು, ಗುಳ್ಳೆ, ಕೆನ್ನೆಯ ಕೂದಲು ಆ ಕ್ರೀಮಿನದು ಅನಿಸುತ್ತದೆ. ನನಗೆ ಬಹಳ ಸಿಟ್ಟು ಬರುವ ವಿಷಯ ಇದು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಅಂತ ಇದೆಯಾ ನೋಡಿ. ಇವೆಲ್ಲ ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಊರೂರಿನಲ್ಲಿ ಬೆಳ್ಳಗಾಗುವ ಕ್ರೀಮ್ ಅಂತ ಕೈಗೆ ಕೊಡುತ್ತಾರೆ. ಹುಳಕಡ್ಡಿಗೂ ಇಂಥದ್ದನ್ನೇ ಕೊಡುತ್ತಾರೆ. ತುರಿಕೆ ನಿಲ್ಲುತ್ತದೆ, ಹುಳಕಡ್ಡಿ ಒಳಗೊಳಗೇ ಮೈತುಂಬ ಹರಡುತ್ತದೆ.

ನೀವು ಅದನ್ನು ಏಕಾಏಕಿ ಬಿಡುವ ಮುಂಚೆ ಚರ್ಮದ ಡಾಕ್ಟರನ್ನು ಕಾಣಿ, ಟ್ಯೂಬನ್ನೂ ತೆಗೆದುಕೊಂಡು ಹೋಗಿ. ಮುಖ ಕೆಲವು ವಾರ ಕೆರಳುತ್ತದೆ, ಅದಕ್ಕೆ ಅವರು ಬೇರೆ ಔಷಧಿ ಕೊಡುತ್ತಾರೆ. ಆ ಕೆರಳಿಕೆಗೆ ಹೆದರಿ ಮತ್ತೆ ಅದೇ ಟ್ಯೂಬ್ ಹಿಡಿಯಬೇಡಿ. ಮಗು ಹಾಲು ಕುಡಿಯುತ್ತಿದ್ದರೆ ಅದನ್ನೂ ಹೇಳಿ.

ಬಂಗಿಗೆ ಮೊದಲ ಔಷಧಿ ಬಿಸಿಲು ತಡೆಯುವುದು. ತೋಟದಲ್ಲಿ ಕೆಲಸ ಮಾಡುವವರು ಸೆರಗಿನ ಮೇಲೆ ಅಗಲ ಅಂಚಿನ ಟೋಪಿ ಹಾಕಿಕೊಳ್ಳಿ. ಸನ್‌ಸ್ಕ್ರೀನ್ ತೆಗೆದುಕೊಳ್ಳುವುದಾದರೆ ಚರ್ಮದ ಬಣ್ಣದ್ದು, ಐರನ್ ಆಕ್ಸೈಡ್ ಇರುವಂಥದ್ದು ನೋಡಿ. ಬಿಳಿ ಸನ್‌ಸ್ಕ್ರೀನ್ ತಡೆಯದ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಗರ್ಭನಿರೋಧಕ ಮಾತ್ರೆಯಿಂದಲೂ ಕೆಲವರಿಗೆ ಬಂಗು ಬರುತ್ತದೆ, ತೆಗೆದುಕೊಳ್ಳುತ್ತಿದ್ದರೆ ಹೇಳಲು ಮರೆಯಬೇಡಿ.

ಶಿಡ್ಲಘಟ್ಟ ಗೂಡು

ನಮ್ಮ ಅತ್ತಿಗೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ದಿನವಿಡೀ ಬಿಸಿನೀರಿನಲ್ಲಿ ಕೈ. ಬೆರಳ ಸಂದು ಬೆಳ್ಳಗಾಗಿ ಸುಲಿಯುತ್ತಿತ್ತು, ಅದು ಕೆಲಸದ್ದೇ ಅಂದುಕೊಂಡಿದ್ದೆವು. ಆಮೇಲೆ ಎದೆಯ ಕೆಳಗೆ, ತೊಡೆ ಸಂದಿನಲ್ಲಿ ಕೆಂಪಗಾಗಿ ತುರಿಕೆ. ಒಳಗಡೆಯೂ ತುರಿಕೆ, ಬಿಳಿ ಹೋಗುವುದು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಆಶಾ ಅಕ್ಕ ಮನೆಗೆ ಬಂದಾಗ ಮಾತಿನಲ್ಲಿ ಬಾಯಿಬಿಟ್ಟರು. ಮೊದಲು ಶುಗರ್ ನೋಡಿಸಿ ಅಂದರು. ಬಹಳ ಜಾಸ್ತಿ ಇತ್ತು. ಶುಗರ್ ಹತೋಟಿಗೆ ಬಂದ ಮೇಲೆಯೇ ಆ ತುರಿಕೆ ನಿಂತಿದ್ದು.

ಬಂಗಾರಪೇಟೆ ಸಿಸ್ಟರ್

ಆ ಆಶಾ ಕಾರ್ಯಕರ್ತೆಗೆ ನನ್ನ ನಮಸ್ಕಾರ ತಿಳಿಸಿ. ಫಂಗಸ್ ಮತ್ತೆ ಮತ್ತೆ ಬಂದರೆ, ಕುರು ಏಳುತ್ತಲೇ ಇದ್ದರೆ, ಕಾಲಿನ ಗಾಯ ಮಾಯದಿದ್ದರೆ ಮುಲಾಮು ಬದಲಿಸುವ ಮುಂಚೆ ಶುಗರ್ ನೋಡಿಸಿ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಶುಗರ್ ಬಾಗಿಲಿಗೆ ಬಂದಿದೆ ಅಂತ, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶುಗರ್ ಕಾಯಿಲೆ ಅಂತ.

ಬಾಗೇಪಲ್ಲಿ ಹುಡುಗಿ

ನಮ್ಮ ಕಡೆ ಎಲ್ಲದಕ್ಕೂ ಬೋರ್‌ವೆಲ್ ನೀರು ಕಾರಣ ಅನ್ನುತ್ತಾರೆ. ಫ್ಲೋರೈಡ್ ನೀರಿನಿಂದ ಮೊಡವೆ, ಕೂದಲು ಬರುತ್ತಾ?

ಬಂಗಾರಪೇಟೆ ಸಿಸ್ಟರ್

ಫ್ಲೋರೈಡ್ ಕೆಡಿಸುವುದು ಹಲ್ಲು ಮತ್ತು ಮೂಳೆಯನ್ನು. ಆ ತೊಂದರೆ ನಮ್ಮ ಜಿಲ್ಲೆಗಳಲ್ಲಿ ನಿಜವಾಗಿಯೂ ಇದೆ, ಕುಡಿಯಲು ಶುದ್ಧ ನೀರೇ ಬಳಸಿ. ಗಡಸು ನೀರಿನ ಸ್ನಾನಕ್ಕೆ ಮೈ ಒಣಗುತ್ತದೆ, ಕೂದಲು ಒರಟಾಗುತ್ತದೆ. ಗದ್ದದ ಕೂದಲಿಗೂ ತಪ್ಪಿದ ಮುಟ್ಟಿಗೂ ನೀರು ಕಾರಣ ಅಲ್ಲ. ನೀರಿನ ಮೇಲೆ ಹಾಕಿ ಟೆಸ್ಟ್ ಮುಂದೂಡಬೇಡಿ.

ವೇಮಗಲ್ ತಮ್ಮ

ಹೆಂಗಸರ ಮಾತಿನ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಹೆಂಡತಿಗೆ ಇದೇ ತೊಂದರೆ. ಅನ್ನ ಪೂರ್ತಿ ಬಿಟ್ಟು ಮೂರು ಹೊತ್ತೂ ರಾಗಿ ಮುದ್ದೆ ತಿನ್ನುತ್ತಿದ್ದಾಳೆ. ಸರೀನಾ?

ಬಂಗಾರಪೇಟೆ ಸಿಸ್ಟರ್

ತಮ್ಮ, ಕೇಳಿದ್ದು ಒಳ್ಳೆಯದಾಯಿತು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ. ಆದರೆ ಹಿಟ್ಟು ಹಿಟ್ಟೇ. ದೊಡ್ಡ ಮುದ್ದೆ ತಿಂದರೆ ಅದೂ ಶುಗರ್ ಏರಿಸುತ್ತದೆ. ಮುದ್ದೆ ಸಣ್ಣದಿರಲಿ, ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಜಾಸ್ತಿ ಇರಲಿ. ಹುರುಳಿ, ಅವರೆ, ಅಲಸಂದೆ, ಮೊಟ್ಟೆ ಯಾವುದು ಒಗ್ಗುತ್ತದೋ ಅದು ತಟ್ಟೆಯಲ್ಲಿರಲಿ. ಸಕ್ಕರೆ ಹಾಕಿದ ಕಾಫಿ ಟೀ, ಬೇಕರಿ ತಿಂಡಿ, ಬಾಟಲಿ ಜ್ಯೂಸು ಕಡಿಮೆ ಮಾಡಲಿ. ತೂಕ ಜಾಸ್ತಿ ಇದ್ದವರಿಗೆ ಶೇ. 5ರಿಂದ 10 ಇಳಿದರೂ ಮುಟ್ಟು ಸರಿಯಾಗುವುದನ್ನು ನೋಡಿದ್ದೇನೆ. ಉಪವಾಸ ಬೇಡ. ಊಟ ಆದ ಮೇಲೆ ನೀವೂ ಅವರ ಜೊತೆ ನಡೆಯಲು ಹೋಗಿ. ಒಬ್ಬಳೇ ಹೆಂಗಸು ಕತ್ತಲಲ್ಲಿ ರಸ್ತೆಗೆ ಇಳಿಯುವುದು ನಮ್ಮೂರುಗಳಲ್ಲಿ ಸುಲಭ ಅಲ್ಲ.

ಕೆಜಿಎಫ್ ಅತ್ತೆ

ನನ್ನ ಸೊಸೆಯಾಗಿ ಬರುವ ಹುಡುಗಿಗೆ ಪಿಸಿಓಡಿ ಇದೆ ಅಂತ ಅವಳೇ ಮಗನಿಗೆ ಹೇಳಿದ್ದಾಳೆ. ಮಗನಿಗೆ ಏನೂ ಬೇಸರವಿಲ್ಲ. ನೆಂಟರು ಮಾತ್ರ ಮಕ್ಕಳಾಗುವುದಿಲ್ಲ ಅನ್ನುತ್ತಿದ್ದಾರೆ. ಇನ್ನು ಕೆಲವರು ಮದುವೆ ಆದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಯಾವುದು ನಿಜ?

ಬಂಗಾರಪೇಟೆ ಸಿಸ್ಟರ್

ಎರಡೂ ನಿಜವಲ್ಲ ಅಕ್ಕ. ಮದುವೆ ಇದಕ್ಕೆ ಔಷಧಿ ಅಲ್ಲ. ಮಕ್ಕಳ ವಿಷಯದಲ್ಲಿ, ಅಂಡ ಪ್ರತಿ ತಿಂಗಳು ಬಿಡುಗಡೆ ಆಗದೇ ಇರುವುದರಿಂದ ತಡ ಆಗಬಹುದು. ಬಹಳ ಹೆಂಗಸರಿಗೆ ತಾನಾಗಿಯೇ ಆಗುತ್ತದೆ. ಆಗದವರಿಗೆ ಅಂಡ ಬೆಳೆಸಲು ಲೆಟ್ರೋಜೋಲ್ ಅನ್ನುವ ಮಾತ್ರೆಯನ್ನು ಮೊದಲು ಕೊಡುತ್ತಾರೆ. ಬಸುರಿಯಾದಾಗ ಶುಗರ್, ಬಿಪಿ ಬೇಗ ಬೇಗ ನೋಡಿಸಬೇಕು, ಅದನ್ನು ನೆನಪಿಡಿ. ಆ ಹುಡುಗಿ ಮುಚ್ಚಿಡದೆ ಹೇಳಿದ್ದಾಳೆ. ನಿಮ್ಮಂಥ ಅತ್ತೆ ಅವಳ ಪರ ನಿಂತರೆ ನೆಂಟರ ಬಾಯಿ ತಾನಾಗಿ ಮುಚ್ಚುತ್ತದೆ.

ಅಂತರಗಂಗೆ ಅಮ್ಮ (ಕೋಲಾರ)

ಸಿಸ್ಟರ್, ತೋರಿಸಿಕೊಂಡು ಬಂದೆವು. ಎಚ್‌ಬಿಎ1ಸಿ 5.9. ಥೈರಾಯ್ಡ್ ಸರಿಯಿದೆ. ಟೆಸ್ಟೋಸ್ಟೆರಾನ್ ಸ್ವಲ್ಪ ಜಾಸ್ತಿ. ಪಿಸಿಓಎಸ್ ಅಂತ ಬರೆದಿದ್ದಾರೆ. ಆದರೆ ಸ್ಕ್ಯಾನ್ ಮಾಡಿಸಲೇ ಇಲ್ಲ, ನಮ್ಮ ಯಜಮಾನರು ಸ್ಕ್ಯಾನ್ ಇಲ್ಲದೆ ಹೇಗೆ ಹೇಳುತ್ತಾರೆ ಅಂತಿದ್ದಾರೆ. ಮೆಟ್‌ಫಾರ್ಮಿನ್ ಕೊಟ್ಟಿದ್ದಾರೆ. ಅದು ಶುಗರ್‌ನವರ ಮಾತ್ರೆ ಅಲ್ವಾ? ಜೊತೆಗೆ ಗರ್ಭನಿರೋಧಕ ಮಾತ್ರೆ. ಮದುವೆ ಆಗದ ಹುಡುಗಿಗೆ ಇದನ್ನು ಕೊಡಬಹುದಾ? ಮೆಡಿಕಲ್‌ನಲ್ಲಿ ಚೀಟಿ ಕೊಟ್ಟಾಗ ಆ ಹುಡುಗ ನನ್ನ ಮಗಳ ಮುಖ ನೋಡಿದ ರೀತಿಗೆ ಅವಳು ಅಳುತ್ತಾ ಬಂದಳು.

ಬಂಗಾರಪೇಟೆ ಸಿಸ್ಟರ್

ಅಮ್ಮ, ಮುಂದಿನ ಸಲ ಚೀಟಿ ನೀವೇ ತೆಗೆದುಕೊಂಡು ಹೋಗಿ, ತಲೆ ಎತ್ತಿ ಕೇಳಿ. ಅದರಲ್ಲಿ ನಾಚುವಂಥದ್ದು ಏನೂ ಇಲ್ಲ.

ಸ್ಕ್ಯಾನ್ ವಿಷಯ: 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಮೊದಲ ಮುಟ್ಟಾಗಿ 8 ವರ್ಷ ಕಳೆಯುವವರೆಗೆ ಸ್ಕ್ಯಾನ್ ನೋಡಿ ಇದನ್ನು ತೀರ್ಮಾನಿಸುವುದಿಲ್ಲ. ಆ ವಯಸ್ಸಿನಲ್ಲಿ ಆರೋಗ್ಯವಾಗಿರುವ ಹುಡುಗಿಯರ ಅಂಡಾಶಯದಲ್ಲೂ ಸಣ್ಣ ಗುಳ್ಳೆಗಳು ಕಾಣುತ್ತವೆ. ಮುಟ್ಟು ಏರುಪೇರು, ಜೊತೆಗೆ ಗಂಡು ಹಾರ್ಮೋನು ಹೆಚ್ಚಿರುವ ಗುರುತು, ಇವೆರಡೂ ಇದ್ದು ಬೇರೆ ಕಾರಣ ಇಲ್ಲ ಅಂತಾದರೆ ಸಾಕು. ನಿಮ್ಮ ಡಾಕ್ಟರು ಸರಿಯಾಗಿಯೇ ನೋಡಿದ್ದಾರೆ.

ಮೆಟ್‌ಫಾರ್ಮಿನ್ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಹಾಗೆ ಮಾಡುತ್ತದೆ. ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ಭೇದಿ ಆಗಬಹುದು. ಊಟದ ಜೊತೆ ಕೊಡಿ, ಸಾಮಾನ್ಯವಾಗಿ ಸರಿಹೋಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆ ಆಗಬಹುದು, ಆಗಾಗ ನೋಡಿಸಿ. ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

ಇನ್ನೊಂದು ಮಾತ್ರೆಗೆ ಗರ್ಭನಿರೋಧಕ ಅಂತ ಹೆಸರು ಇದ್ದರೂ ಇಲ್ಲಿ ಕೊಟ್ಟಿರುವುದು ಹಾರ್ಮೋನು ಹದಕ್ಕೆ ತರಲು. ಅಂಡಾಶಯದ ಗಂಡು ಹಾರ್ಮೋನು ಇಳಿಯುತ್ತದೆ, ಹಾಗಾಗಿ ಮೊಡವೆ, ಕೂದಲು ಹತೋಟಿಗೆ ಬರುತ್ತವೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪ ಕಟ್ಟುತ್ತಾ ಹೋಗುತ್ತದೆ, ಅದು ಮುಂದೆ ಅಪಾಯ. ಅದನ್ನೂ ಈ ಮಾತ್ರೆ ತಡೆಯುತ್ತದೆ. ಬಿಟ್ಟ ಮೇಲೆ ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ. ಆದರೆ ಕಣ್ಣಮುಂದೆ ಮಿಂಚು ಬಂದು ತಲೆನೋವು ಬರುವ ಮೈಗ್ರೇನ್ ಇದ್ದರೆ, ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಬಿಪಿ ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ, ಆಗ ಬೇರೆ ದಾರಿ ಹುಡುಕುತ್ತಾರೆ.

ಮೊಡವೆ ಇಳಿಯಲು ಮೂರು ತಿಂಗಳಾದರೂ ಬೇಕು. ಕೂದಲಿಗೆ ಆರು ತಿಂಗಳು, ಅದಕ್ಕೂ ಜಾಸ್ತಿ. ಈಗಾಗಲೇ ಬಂದಿರುವ ಗಟ್ಟಿ ಕೂದಲು ಮಾತ್ರೆಗೆ ಉದುರುವುದಿಲ್ಲ, ಅದಕ್ಕೆ ಥ್ರೆಡ್ಡಿಂಗ್ ಅಥವಾ ಲೇಸರ್. ಒಳಗಿನ ಹಾರ್ಮೋನು ಹದಕ್ಕೆ ಬರುವ ಮುಂಚೆ ಲೇಸರ್‌ಗೆ ದುಡ್ಡು ಸುರಿಯಬೇಡಿ, ಮತ್ತೆ ಬರುತ್ತದೆ. ಮಾಡಿಸುವಾಗ ಚರ್ಮದ ಡಾಕ್ಟರ ಹತ್ತಿರವೇ ಮಾಡಿಸಿ. ಕತ್ತಿನ ಕಪ್ಪು ಎಲ್ಲಕ್ಕಿಂತ ನಿಧಾನ. ಮಗಳು ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ ಜಾಸ್ತಿ, ಅದಕ್ಕೂ ಚಿಕಿತ್ಸೆ ಇದೆ.

ಮಾಲೂರು ಮಲ್ಲಿಗೆ

ಸಿಸ್ಟರ್, ಮೊಡವೆಗೆ ನನ್ನ ತಂಗಿಗೆ ಐಸೊಟ್ರೆಟಿನೋಯಿನ್ ಕೊಟ್ಟಿದ್ದಾರೆ. ಅವಳಿಗೆ ಮದುವೆಯಾಗಿದೆ. ತೊಂದರೆ ಇಲ್ವಾ?

ಬಂಗಾರಪೇಟೆ ಸಿಸ್ಟರ್

ಅದು ನುಂಗುವಾಗ ಬಸುರಿಯಾಗಲೇಬಾರದು, ಮಗುವಿಗೆ ದೊಡ್ಡ ಊನ ಆಗುತ್ತದೆ. ನಿಲ್ಲಿಸಿ ಒಂದು ತಿಂಗಳಾಗುವವರೆಗೂ ಜಾಗ್ರತೆ ಬೇಕು. ಗದ್ದದ ಕೂದಲಿಗೆ ಕೊಡುವ ಸ್ಪೈರೋನೊಲ್ಯಾಕ್ಟೋನ್ ಮಾತ್ರೆಗೂ ಇದೇ ಎಚ್ಚರ. ತಂಗಿಗೆ ಡಾಕ್ಟರು ಇದನ್ನು ಹೇಳಿದ್ದಾರಾ ಅಂತ ಇವತ್ತೇ ಕೇಳಿ.

ಶ್ರೀನಿವಾಸಪುರ ಮಾವಿನತೋಪು

ನಮ್ಮ ದೊಡ್ಡಮ್ಮನಿಗೆ 52. ಮುಟ್ಟು ನಿಂತಿದೆ. ಈ ನಾಲ್ಕೈದು ತಿಂಗಳಲ್ಲಿ ಗದ್ದ, ಎದೆ ಮೇಲೆಲ್ಲ ಕೂದಲು ಬಂದಿದೆ. ತಲೆ ಮುಂದೆ ಬೋಳಾಗುತ್ತಿದೆ. ಫೋನಿನಲ್ಲಿ ಧ್ವನಿ ಗಂಡಸರದು ಅನಿಸುತ್ತದೆ. ಇದೂ ಪಿಸಿಓಡಿನಾ? ಮಾವಿನ ಸುಗ್ಗಿ ಮುಗಿಯಲಿ ಅಂತಿದ್ದಾರೆ.

ಬಂಗಾರಪೇಟೆ ಸಿಸ್ಟರ್

ಸುಗ್ಗಿಗೆ ಕಾಯಬೇಡಿ. ಪಿಸಿಓಎಸ್ ವಯಸ್ಸಿಗೆ ಬಂದ ಕಾಲದಿಂದ ನಿಧಾನವಾಗಿ ಬರುವಂಥದ್ದು. ಈ ವಯಸ್ಸಿನಲ್ಲಿ, ಇಷ್ಟು ಬೇಗ, ಧ್ವನಿಯೂ ಬದಲಾಗಿದೆ ಅಂದರೆ ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೋ ಗಡ್ಡೆ ಇದೆಯಾ ಅಂತ ನೋಡಲೇಬೇಕು. ಟೆಸ್ಟೋಸ್ಟೆರಾನ್, ಡಿಎಚ್‌ಇಎಎಸ್ (ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನು) ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಬರೆಯುತ್ತಾರೆ. ಹಾಗೇ, ದೊಡ್ಡ ವಯಸ್ಸಿನವರಿಗೆ ತೂಕ ಇಳಿಯುತ್ತಾ ಇದ್ದಕ್ಕಿದ್ದಂತೆ ಕತ್ತು, ಅಂಗೈ, ಬಾಯೊಳಗೆ ಕಪ್ಪಾಗಿ ಒರಟಾದರೂ ತಡ ಮಾಡಬಾರದು, ಒಳಗೆ ಕ್ಯಾನ್ಸರ್ ಇರಬಹುದು. ಹೊಟ್ಟೆ ಮೇಲೆ ಅಗಲವಾದ ನೇರಳೆ ಗೆರೆ, ದುಂಡಗಾದ ಮುಖ, ಸುಮ್ನೆ ತಾಗಿದರೂ ಕಪ್ಪುಗಟ್ಟುವುದು ಇದ್ದರೂ ಬೇಗ ಡಾಕ್ಟರಿಗೆ ತೋರಿಸಿ.

ದೊಡ್ಡಮ್ಮನನ್ನು ಈ ವಾರವೇ ಜಿಲ್ಲಾ ಆಸ್ಪತ್ರೆಗೋ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಆಧಾರ್, ರೇಷನ್ ಕಾರ್ಡು, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಒಂದು ವರ್ಷದ ಹಿಂದಿನ ಫೋಟೋ ಒಂದಿದ್ದರೆ ಅದನ್ನೂ ತೆಗೆದುಕೊಳ್ಳಿ. ಎಷ್ಟು ಬೇಗ ಬದಲಾಗಿದೆ ಅಂತ ಡಾಕ್ಟರಿಗೆ ಅದರಿಂದಲೇ ಗೊತ್ತಾಗುತ್ತದೆ.

ಶ್ರೀನಿವಾಸಪುರ ಮಾವಿನತೋಪು

ಆಯಿತು ಸಿಸ್ಟರ್. ದೊಡ್ಡಪ್ಪನ ಹತ್ತಿರ ಮಾತಾಡಿದೆ, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ನಾನೂ ಜೊತೆಗೆ ಹೋಗುತ್ತೇನೆ.